ಬೋರ್ಡಿನಲ್ಲಿ ಪದ್ಯ, ಸರ್ ಬಾಯಲ್ಲಿ ಅರ್ಥ: ಗಣಿತದ ನೋಟ್ಸ್ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕಾಪು ಕಡೆಯವಳು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈ ವರ್ಷ ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಥಮ ಪಿಯುಸಿ ಸೈನ್ಸ್‌ಗೆ ಸೇರಿದ್ದೇನೆ. ಗಣಿತದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಇರುವುದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ. ಸರ್ ಹೇಳುವಾಗ ಎಲ್ಲ ಗೊತ್ತಾದ ಹಾಗೆ ಇರುತ್ತದೆ. ರಾತ್ರಿ ಪುಸ್ತಕ ತೆರೆದರೆ ನಾನೇ ಬರೆದದ್ದು ನನಗೇ ಅರ್ಥ ಆಗುವುದಿಲ್ಲ. ಕೇಳುತ್ತಾ ಕೂತರೆ ಬರೆಯಲು ಆಗುವುದಿಲ್ಲ, ಬರೆಯುತ್ತಾ ಕೂತರೆ ಕೇಳಲು ಆಗುವುದಿಲ್ಲ. ಆದಿತ್ಯವಾರ ಇಡೀ ಫೇರ್ ಬುಕ್ಕಿಗೆ ಕಾಪಿ ಮಾಡುವುದರಲ್ಲೇ ಹೋಗುತ್ತದೆ. ‘ಗೈಡ್ ಉಂಟಲ್ಲ, ನೋಟ್ಸ್ ಎಂತಕ್ಕೆ?’ ಎನ್ನುತ್ತಾಳೆ ಅಕ್ಕ. ಮೊದಲ ಟೆಸ್ಟಿನಲ್ಲಿ ಮಾರ್ಕೂ ಕಡಿಮೆ ಬಂತು. ಏನು ಮಾಡಲಿ? ಮತ್ತೆ ಒಂದು ಸಣ್ಣ ಪ್ರಶ್ನೆ: ಗಣಿತಕ್ಕೆ ಗೆರೆ ಇರುವ ಪುಸ್ತಕ ಒಳ್ಳೆಯದಾ, ಗೆರೆ ಇಲ್ಲದ್ದಾ?

ಉತ್ತರ: ನಿನ್ನ ಪ್ರಾಯದವರಿಗೆ ಮೂವತ್ತು ವರ್ಷ ಪಾಠ ಮಾಡಿದವನು ನಾನು. ‘ನೀವು’ ಎಂದು ಬರೆಯಲು ಕೈ ಬರುವುದಿಲ್ಲ. ‘ನೀನು’ ಎಂದೇ ಬರೆಯುತ್ತೇನೆ, ಬೇಸರ ಮಾಡಬೇಡ.

ನಿನಗೆ ಆಗುತ್ತಿರುವುದು ನನಗೂ ಆಗಿತ್ತು. ನಾನು ಪಿಯುಸಿ ಓದಿದ ಕಾಲೇಜಿನಲ್ಲಿ ನಮ್ಮ ಕ್ಲಾಸಿಗೆ ಶೀಟಿನ ಮಾಡು. ನಮ್ಮ ಊರಿನ ಜುಲೈ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ. ಗಣಿತದ ಸರ್ ಬೊಬ್ಬೆ ಹಾಕಿ ಹಾಕಿ ಸುಸ್ತಾಗಿ, ಕೊನೆಗೆ ಮಾತು ಬಿಟ್ಟು ಬೋರ್ಡಿನ ಮೇಲೆ ಬರೆಯುತ್ತಾ ಹೋದರು. ನಾವು ಬರೆದುಕೊಳ್ಳುತ್ತಾ ಹೋದೆವು. ಹದಿನೈದು ದಿನ ಹೀಗೇ ನಡೆಯಿತು. ಇಡೀ ವರ್ಷದಲ್ಲಿ ನನ್ನ ಅತಿ ಚಂದದ ನೋಟ್ಸ್ ಎಂದರೆ ಆ ಹದಿನೈದು ದಿನದ್ದು. ಒಂದು ಸ್ಟೆಪ್ಪೂ ಬಿಟ್ಟಿರಲಿಲ್ಲ. ಪರೀಕ್ಷೆಗೆ ಓದಲು ಕೂತಾಗ ನೋಡಿದರೆ, ನನಗೆ ತಲೆಬುಡ ತಿಳಿಯದ ಪಾಠವೂ ಅದೊಂದೇ. ಬೇರೆ ಪಾಠಗಳ ನೋಟ್ಸ್ ಕಾಗೆ ಕಾಲು ಗುಬ್ಬಿ ಕಾಲು. ಆದರೂ ಓದಿದರೆ ಸರ್ ಸ್ವರ ಕಿವಿಯಲ್ಲಿ ಕೇಳುತ್ತಿತ್ತು. ಇದರಲ್ಲಿ ಬರೀ ಮಳೆಯ ಸದ್ದು.

ತಾಳಮದ್ದಳೆ ಕೇಳಿದ್ದೀಯಲ್ಲ? ಕಾಪು ಕಡೆಯವಳು, ಕೇಳದೆ ಇರಲಿಕ್ಕಿಲ್ಲ. ವೇಷ ಇಲ್ಲದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಒಂದು ಸಣ್ಣ ಪದ್ಯ ಹಾಡಿ ನಿಲ್ಲಿಸುತ್ತಾರೆ. ಆಮೇಲೆ ಅರ್ಥಧಾರಿ ಬಾಯಿ ತೆರೆದರೆ ಇಪ್ಪತ್ತು ನಿಮಿಷ, ಅರ್ಧ ಗಂಟೆ. ಕೃಷ್ಣ ಸಂಧಾನಕ್ಕೆ ಯಾಕೆ ಬಂದ, ಬಂದವನ ಮಾತನ್ನು ಕೌರವ ಯಾಕೆ ಒಪ್ಪಲಿಲ್ಲ ಎನ್ನುವುದೆಲ್ಲ ಆ ಮಾತಿನಲ್ಲಿ ಬರಬೇಕು. ಅದು ಪುಸ್ತಕದಲ್ಲಿ ಇಲ್ಲ, ಆ ಹೊತ್ತಿಗೆ ಅಲ್ಲೇ ಹುಟ್ಟುವುದು. ಗಣಿತದ ಕ್ಲಾಸೂ ಹಾಗೆಯೇ. ಬೋರ್ಡಿನಲ್ಲಿರುವುದು ಪದ್ಯ. ಸರ್ ಬಾಯಲ್ಲಿರುವುದು ಅರ್ಥ. ನೀನು ಪದ್ಯವನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡು, ಅರ್ಥವನ್ನು ಕ್ಲಾಸಿನಲ್ಲೇ ಬಿಟ್ಟು ಬಸ್ ಹತ್ತುತ್ತೀಯ. ರಾತ್ರಿ ಕಥೆ ಗೊತ್ತಾಗುವುದಿಲ್ಲ ಎಂದರೆ ಹೇಗೆ ಗೊತ್ತಾಗಬೇಕು, ಮಾರಾಯ್ತಿ?

ಒಂದು ಲೆಕ್ಕ ನೋಡೋಣ. ಹೈಸ್ಕೂಲಿನದ್ದೇ ಸಾಕು. ಬೋರ್ಡಿನಲ್ಲಿ 1/(√5 − √3) ಇದೆ. ಎರಡನೇ ಸಾಲಿನಲ್ಲಿ ಸರ್ ಮೇಲೂ ಕೆಳಗೂ √5 + √3 ಹಾಕಿ ಗುಣಿಸಿದರು. ಮೂರನೇ ಸಾಲಿನಲ್ಲಿ ಕೆಳಗೆ 5 − 3 ಬಂತು. ನಾಲ್ಕನೇ ಸಾಲಿನಲ್ಲಿ ಉತ್ತರ, (√5 + √3)/2. ನಿನ್ನ ಪುಸ್ತಕದಲ್ಲೂ ನಾಲ್ಕೇ ಸಾಲು ಇರುತ್ತದೆ. ಈಗ ಸರ್ ಬಾಯಲ್ಲಿ ಹೇಳಿದ್ದು ಏನು ಎಂದು ನೆನಪು ಮಾಡಿಕೋ. ‘ಕೆಳಗೆ ಎರಡು ರೂಟ್ ಕೂತಿದೆ, ಅದನ್ನು ಓಡಿಸಬೇಕು. ಎ ಮೈನಸ್ ಬಿ ಇದ್ದರೆ ಎ ಪ್ಲಸ್ ಬಿ ತಂದು ಪಕ್ಕದಲ್ಲಿ ಕೂರಿಸಿ. ಎರಡೂ ವರ್ಗ ಆಗುತ್ತದೆ, ರೂಟ್ ಹೋಗುತ್ತದೆ. ಕೆಳಗೆ ಗುಣಿಸಿದ್ದನ್ನು ಮೇಲೂ ಗುಣಿಸಿ, ಇಲ್ಲದಿದ್ದರೆ ಬೆಲೆಯೇ ಬದಲಾಗುತ್ತದೆ.’ ಇದು ಬೋರ್ಡಿನಲ್ಲಿ ಎಲ್ಲೂ ಇಲ್ಲ. ಆದರೆ ಪರೀಕ್ಷೆಯಲ್ಲಿ ಬೇರೆ ಸಂಖ್ಯೆ ಬಂದಾಗ ಕೈ ಹಿಡಿಯುವುದು ಈ ಮಾತೇ. ಇನ್ನು ಸ್ವಲ್ಪ ದಿನದಲ್ಲಿ ಕಾಂಪ್ಲೆಕ್ಸ್ ನಂಬರ್ ಪಾಠ ಬರುತ್ತದೆ. ಅಲ್ಲಿ 1/(2 − 3ಐ) ಕೊಡುತ್ತಾರೆ. ಅಲ್ಲಿ ಓಡಿಸಬೇಕಾದದ್ದು ಐ, ಅಂದರೆ ವರ್ಗ ಮಾಡಿದರೆ −1 ಆಗುವ ಸಂಖ್ಯೆ. ಉಪಾಯ ಅದೇ: ಮೇಲೂ ಕೆಳಗೂ 2 + 3ಐ. ಕೆಳಗೆ 4 + 9, ಅಂದರೆ 13. ನಾಲ್ಕು ಸಾಲು ಮಾತ್ರ ಬರೆದುಕೊಂಡವಳಿಗೆ ಇದು ಹೊಸ ಲೆಕ್ಕ. ‘ಓಡಿಸಲು’ ಎಂದು ಬದಿಯಲ್ಲಿ ಬರೆದುಕೊಂಡವಳಿಗೆ ಹಳೆಯದ್ದೇ.

ಹಾಗಾದರೆ ಪುಟ ಹೇಗಿರಬೇಕು? ಬಲಗಡೆ ಮೂರನೇ ಒಂದು ಭಾಗ ಬಿಟ್ಟು ಮೇಲಿನಿಂದ ಕೆಳಗೆ ಒಂದು ಗೆರೆ ಎಳೆ. ಸ್ಕೇಲ್ ಬೇಡ, ಪುಟ ಮಡಚಿದರೂ ಆಗುತ್ತದೆ. ಎಡಗಡೆ ಬೋರ್ಡಿನ ಸಾಲು. ಬಲಗಡೆ ಆ ಸಾಲು ಯಾಕೆ ಬಂತು ಎನ್ನುವುದು. ಮೇಲಿನ ಲೆಕ್ಕಕ್ಕೆ ಬಲಗಡೆ ಇಷ್ಟು ಸಾಕು: ‘ಕೆಳಗಿನ ರೂಟ್ ಓಡಿಸಲು. ಎ−ಬಿ ಇದ್ದರೆ ಎ+ಬಿ.’ ವಾಕ್ಯ, ವ್ಯಾಕರಣ ಏನೂ ಬೇಡ. ಪುಟವನ್ನು ಹೀಗೆ ಎರಡು ಮಾಡುವುದು ನನ್ನ ಕಂಡುಹಿಡಿತ ಏನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ಇಂಥದೇ ಒಂದು ಪದ್ಧತಿ ಹೇಳಿಕೊಟ್ಟರು, ಅದು ಈಗ ಕಾರ್ನೆಲ್ ನೋಟ್ಸ್ ಎಂದೇ ಹೆಸರಾಗಿದೆ. ಅವರದ್ದರಲ್ಲಿ ಎಡಗಡೆ ಸಣ್ಣ ಕಾಲಮ್, ಪುಟದ ಕೆಳಗೆ ಸಾರಾಂಶ. ಚರಿತ್ರೆ, ಬಯಾಲಜಿಗೆ ಅದು ಚಂದ. ಗಣಿತಕ್ಕೆ ಸಾರಾಂಶ ಬರೆಯಲು ಹೋಗಿ ನನ್ನ ಕ್ಲಾಸಿನ ಮಕ್ಕಳೆಲ್ಲ ಕೊನೆಗೆ ಫಾರ್ಮುಲಾ ಬರೆದು ಕೈ ತೊಳೆದುಕೊಂಡರು. ಹಾಗಾಗಿ ನಾನು ಅದನ್ನು ಬಿಟ್ಟೆ.

ಪ್ರತಿ ಸಾಲಿಗೂ ಕಾರಣ ಬರೆಯಲು ಹೋಗಬೇಡ, ಸತ್ತುಹೋಗುತ್ತೀಯ. ಸರ್ ಒಂದು ಸಾಲು ಬರೆದಾಗ ‘ಅರೆ, ಇದು ಎಲ್ಲಿಂದ ಬಂತು?’ ಎನ್ನಿಸುತ್ತದಲ್ಲ, ಆ ಸಾಲಿಗೆ ಬರೆ. ಒಂದು ಲೆಕ್ಕದಲ್ಲಿ ಅಂಥ ಜಾಗ ಒಂದೋ ಎರಡೋ ಇರುತ್ತದೆ. ಬಾಕಿಯೆಲ್ಲ ಕೂಡಿಸು, ಕಳೆ, ಗುಣಿಸು. ಅದನ್ನು ನೀನೇ ಮಾಡುತ್ತೀಯ.

ಇದು ನನ್ನ ಅನುಭವದ ಮಾತು ಮಾತ್ರ ಅಲ್ಲ. 1989ರಲ್ಲಿ ಮಿಶೆಲಿನ್ ಚೀ ಎಂಬ ಸಂಶೋಧಕಿ ಮತ್ತು ಸಂಗಡಿಗರು, ಬಿಡಿಸಿಟ್ಟ ಫಿಸಿಕ್ಸ್ ಲೆಕ್ಕಗಳನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ನೋಡಿದರು. ಓದುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಹೇಳಿದ್ದರು. ಆಮೇಲೆ ಹೊಸ ಲೆಕ್ಕ ಕೊಟ್ಟಾಗ ಚೆನ್ನಾಗಿ ಮಾಡಿದವರು ಯಾರು ಗೊತ್ತಾ? ಓದುವಾಗ ‘ಈ ಸ್ಟೆಪ್ ಯಾಕೆ’ ಎಂದು ತಮಗೆ ತಾವೇ ಜಾಸ್ತಿ ವಿವರಿಸಿಕೊಂಡವರು. ಇನ್ನೊಂದು ತಮಾಷೆ ಇದೆ. ‘ಇಲ್ಲಿ ನನಗೆ ಗೊತ್ತಾಗಲಿಲ್ಲ’ ಎಂದು ಜಾಸ್ತಿ ಸಲ ಹೇಳಿದವರೂ ಅವರೇ. ಮಾಡಲು ಬಾರದವರಿಗೆ ಓದುವಾಗ ಎಲ್ಲ ಗೊತ್ತಾದ ಹಾಗೇ ಇತ್ತು. ನಿನ್ನ ಪ್ರಶ್ನೆಯ ನಾಲ್ಕನೇ ವಾಕ್ಯಕ್ಕೆ ಹೋಗು, ನೀನೂ ಅದನ್ನೇ ಬರೆದಿದ್ದೀಯ.

ಬಲಗಡೆ ಬರೆಯುವುದು ಕನ್ನಡದಲ್ಲಿರಲಿ. ತುಳುವಿನಲ್ಲಿ ತೋಚಿದರೆ ತುಳುವಿನಲ್ಲೇ ಬರೆ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯುತ್ತೀಯ, ಸರಿ. ಆದರೆ ನೋಟ್ಸ್ ಓದುವವಳು ನೀನೊಬ್ಬಳೇ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಮೊದಲ ಆರು ತಿಂಗಳು ಎರಡು ಕೆಲಸ ಒಟ್ಟಿಗೆ ಮಾಡುತ್ತಾರೆ. ಗಣಿತ ಒಂದು, ಇಂಗ್ಲಿಷ್ ಇನ್ನೊಂದು. ಪುಸ್ತಕದ ಕೊನೆಯ ಎರಡು ಪುಟ ಪದಗಳಿಗೆ ಇಡು. ಛೇದ ಎಂದರೆ ಡಿನಾಮಿನೇಟರ್. ಬಹುಪದೋಕ್ತಿ ಎಂದರೆ ಪಾಲಿನಾಮಿಯಲ್. ಸಮಾಂತರ ಶ್ರೇಢಿ ಎಂದರೆ ಅರಿತ್‌ಮೆಟಿಕ್ ಪ್ರೊಗ್ರೆಶನ್. ಇದರಲ್ಲಿ ನಾಚಿಕೆಯೇನೂ ಇಲ್ಲ. ಕೆಲವು ಕಡೆ ನಿನಗೇ ಲಾಭ. ವೃತ್ತಕ್ಕೆ ಎಳೆಯುವ ಸ್ಪರ್ಶಕ ಬೇರೆ, ತ್ರಿಕೋನಮಿತಿಯ ಟ್ಯಾನ್ ಬೇರೆ ಎಂದು ನೀನು ಕಲಿತಿದ್ದೀಯ. ಇಂಗ್ಲಿಷಿನಲ್ಲಿ ಎರಡಕ್ಕೂ ಟ್ಯಾಂಜೆಂಟ್ ಎನ್ನುತ್ತಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳೇ ಅಲ್ಲಿ ತಡವರಿಸುವುದನ್ನು ನಾನು ನೋಡಿದ್ದೇನೆ.

ಈಗ ನಿನ್ನ ದೊಡ್ಡ ತೊಂದರೆ, ಕೇಳುವುದಾ ಬರೆಯುವುದಾ. ಮೊದಲು ಬರೆಯುವುದನ್ನು ಕಡಿಮೆ ಮಾಡು. ನಿಮಗಿರುವುದು ಎನ್‌ಸಿಇಆರ್‌ಟಿ ಪುಸ್ತಕ. ಅದರಲ್ಲಿ ಪ್ರಶ್ನೆ ಇದೆ, ಡೆಫಿನಿಶನ್ ಇದೆ, ಥಿಯರಮ್ ಇದೆ. ಅಚ್ಚಾಗಿ ಕೈಯಲ್ಲಿರುವುದನ್ನು ಮತ್ತೆ ಯಾಕೆ ಬರೆಯುತ್ತೀಯ? ‘ಎಕ್ಸರ್‌ಸೈಸ್ 2.3, 4ನೇ ಲೆಕ್ಕ’ ಎಂದು ಬರೆದರೆ ಪ್ರಶ್ನೆ ಬರೆದ ಹಾಗೆ. ಡೆಫಿನಿಶನ್ ಬಂದರೆ ಪುಟದ ನಂಬರ್ ಹಾಕು. ಇದಕ್ಕೆ ಹಿಂದಿನ ದಿನ ಐದು ನಿಮಿಷ ಪಾಠದ ಮೇಲೆ ಕಣ್ಣಾಡಿಸಿರಬೇಕು. ಓದಬೇಕೆಂದಿಲ್ಲ, ಏನೆಲ್ಲ ಇದೆ ಎಂದು ಗೊತ್ತಿದ್ದರೆ ಸಾಕು.

ಆದರೂ ಹಿಂದೆ ಬೀಳುತ್ತೀಯ, ಎಲ್ಲರೂ ಬೀಳುತ್ತಾರೆ. ಆಗ ಒಂದು ನೆನಪಿಡು. ಬೋರ್ಡಿನ ಮೇಲಿನ ಸಾಲು ಡಸ್ಟರ್ ಬರುವವರೆಗೆ ಅಲ್ಲೇ ಇರುತ್ತದೆ. ಗೆಳತಿಯ ಪುಸ್ತಕದಲ್ಲೂ ಇರುತ್ತದೆ. ಸರ್ ಆಡಿದ ಮಾತು ಆಡಿದ ಕ್ಷಣಕ್ಕೇ ಹೋಯಿತು. ಎರಡರಲ್ಲಿ ಒಂದನ್ನೇ ಹಿಡಿಯಬಹುದು ಎಂದಾದಾಗ ಮಾತನ್ನು ಹಿಡಿ. ಎಡಗಡೆ ನಾಲ್ಕು ಸಾಲು ಖಾಲಿ ಬಿಡು, ಪೆನ್ನು ಕೆಳಗಿಡು, ಕೇಳು. ಕೇಳಿದ ಮೇಲೆ ಬಲಗಡೆ ಎರಡು ಪದ ಬರೆ. ಖಾಲಿ ಜಾಗವನ್ನು ಕ್ಲಾಸ್ ಮುಗಿದ ಮೇಲೆ ಗೆಳತಿಯ ಪುಸ್ತಕ ನೋಡಿ ತುಂಬಿಸು. ಅಥವಾ ನೀನೇ ಬಿಡಿಸಿ ತುಂಬಿಸು, ಅದು ಇನ್ನೂ ಒಳ್ಳೆಯದು. ನೋಟ್ಸಿನಲ್ಲಿ ಖಾಲಿ ಜಾಗ ಇದ್ದರೆ ಕೆಲವು ಮಕ್ಕಳಿಗೆ ಮನಸ್ಸು ತಡೆಯುವುದಿಲ್ಲ. ತಡೆದುಕೋ.

ಗೊತ್ತಾಗದ ಜಾಗಕ್ಕೂ ಗುರುತು ಬೇಕು. ಸುಮ್ನೆ ‘ಗೊತ್ತಾಗಲಿಲ್ಲ’ ಎಂದು ಬರೆದರೆ ಪ್ರಯೋಜನ ಇಲ್ಲ. ‘3ನೇ ಸಾಲಿನಿಂದ 4ಕ್ಕೆ ಹೇಗೆ?’ ಎಂದು ಬರೆ. ಇಂಥ ಪ್ರಶ್ನೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದ ಮಗುವಿಗೆ ಎರಡು ನಿಮಿಷದಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದೆ. ‘ಸರ್, ಈ ಚಾಪ್ಟರ್ ಅರ್ಥ ಆಗಲಿಲ್ಲ’ ಎಂದು ಬಂದವರಿಗೆ ಎಲ್ಲಿಂದ ಶುರು ಮಾಡುವುದು?

ಸರ್ ಮಾತಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಅವರ ಎಚ್ಚರಿಕೆಗಳು. ಅವು ಬೋರ್ಡಿನ ಮೇಲೆ ಬರುವುದು ಕಡಿಮೆ. ಎಕ್ಸ್² = 3ಎಕ್ಸ್ ಎಂಬ ಲೆಕ್ಕ ಇದೆ ಎನ್ನು. ಎರಡೂ ಕಡೆ ಒಂದೊಂದು ಎಕ್ಸ್ ಹೊಡೆದುಹಾಕಿ 3 ಎಂದು ಉತ್ತರ ಬರೆಯಲು ಕೈ ತುರಿಸುತ್ತದೆ. ಹಾಗೆ ಮಾಡಿದರೆ 0 ಎಂಬ ಇನ್ನೊಂದು ಉತ್ತರ ಕಳೆದುಹೋಗುತ್ತದೆ. ಎಕ್ಸ್ ಸೊನ್ನೆ ಆಗಿದ್ದರೆ ಅದರಿಂದ ಭಾಗಿಸುವ ಹಾಗೇ ಇಲ್ಲವಲ್ಲ. ಸರ್ ಬೋರ್ಡಿನಲ್ಲಿ ಬರೆಯುವುದು ಎಕ್ಸ್(ಎಕ್ಸ್ − 3) = 0 ಎಂಬ ಸರಿಯಾದ ಸಾಲು ಮಾತ್ರ. ‘ಕ್ಯಾನ್ಸಲ್ ಮಾಡಬೇಡಿ ಮಕ್ಕಳೇ’ ಎನ್ನುವುದು ಬಾಯಲ್ಲಿ.

ಇದಕ್ಕೆ ಉಲ್ಟಾ ಆಗುವುದೂ ಇದೆ. √(ಎಕ್ಸ್ + 6) = ಎಕ್ಸ್ ಎಂದು ಕೊಟ್ಟಿದ್ದಾರೆ. ಎರಡೂ ಕಡೆ ವರ್ಗ ಮಾಡಿದರೆ ಎಕ್ಸ್² − ಎಕ್ಸ್ − 6 = 0. ಉತ್ತರ 3 ಮತ್ತು −2. ಎರಡನ್ನೂ ಮೊದಲ ಸಾಲಿಗೆ ಹಾಕಿ ನೋಡು. 3 ಸರಿಹೋಗುತ್ತದೆ. −2 ಹಾಕಿದರೆ ಎಡಗಡೆ √4, ಅಂದರೆ 2. ಬಲಗಡೆ −2. ವರ್ಗ ಮಾಡುವಾಗ ಕರೆಯದೆ ಬಂದ ನೆಂಟ ಅದು. ಇಲ್ಲಿ ಒಂದು ಹೊಸ ಉತ್ತರ ಒಳಗೆ ಬಂತು, ಮೊದಲಿನ ಲೆಕ್ಕದಲ್ಲಿ ಇದ್ದ ಉತ್ತರವೇ ಹೊರಗೆ ಹೋಗಿತ್ತು. ಇಂಥದನ್ನೆಲ್ಲ ನೋಟ್ಸಿನಲ್ಲಿ ಬರೆಯುವಾಗ ತಪ್ಪು ದಾರಿಯನ್ನೂ ಬರೆ. ಬರೆದು ದೊಡ್ಡ ಇಂಟು ಹಾಕು. ಬದಿಯಲ್ಲಿ ಯಾಕೆ ತಪ್ಪು ಎಂದು ಎರಡು ಪದ. ಸರ್ ಬೋರ್ಡಿನಲ್ಲಿ ತಪ್ಪು ಮಾಡಿ ಆಮೇಲೆ ತಿದ್ದಿದರೆ ಅದನ್ನೂ ಹಾಗೆಯೇ ಇಟ್ಟುಕೋ. ಮೂವತ್ತು ವರ್ಷ ಅದೇ ಲೆಕ್ಕ ಮಾಡಿದವರೇ ಎಡವುವ ಜಾಗ ಅದು. ರಬ್ಬರ್ ಮನೆಯಲ್ಲಿರಲಿ.

ಬೇಗ ಬರೆಯಲು ಗುರುತುಗಳು ಬೇಕು ಎನ್ನುತ್ತಾರೆ, ಹೌದು. ಗಣಿತದ ಗುರುತುಗಳು ಹುಟ್ಟಿದ್ದೇ ಹಾಗೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸಿನವರು, ‘ಇದಕ್ಕೆ ಸಮ’ ಎಂದು ಪದೇಪದೇ ಬರೆದು ಬೇಜಾರಾಗಿ, ಒಂದೇ ಉದ್ದದ ಎರಡು ಅಡ್ಡ ಗೆರೆ ಎಳೆದರು. ಅದಕ್ಕಿಂತ ಸಮವಾದದ್ದು ಇನ್ನೇನಿದೆ ಎಂಬುದು ಅವರ ವಾದ. ನೀನೂ ನಿನ್ನದೇ ಗುರುತು ಮಾಡಿಕೊಳ್ಳಬಹುದು. ಆದರೆ ರೆಕಾರ್ಡರ ಗೆರೆಯನ್ನು ಎಲ್ಲ ಕಡೆ ಎಳೆಯಬೇಡ. ನಮ್ಮ ಮಕ್ಕಳು ಪ್ರತಿ ಸಾಲಿನ ತಲೆಗೂ ಒಂದು ‘=’ ಹಾಕುತ್ತಾರೆ. ಎರಡು ಬೆಲೆ ಒಂದೇ ಆದಾಗ ಮಾತ್ರ ಅದು. ಒಂದು ಈಕ್ವೇಶನ್‌ನಿಂದ ಇನ್ನೊಂದು ಈಕ್ವೇಶನ್ ಬಂದರೆ ಅಲ್ಲಿ ‘⇒’ ಬಾಣ. ಮೇಲಿನ ವರ್ಗ ಮಾಡಿದ ಲೆಕ್ಕದಲ್ಲಿ ಬಾಣ ಹಾಕಿದ್ದರೆ, ಈ ದಾರಿಯಲ್ಲಿ ಹೋಗಬಹುದು, ವಾಪಸ್ ಬರಲು ಆಗದೆಯೂ ಇರಬಹುದು ಎಂದು ಅದೇ ನೆನಪಿಸುತ್ತದೆ.

ಡೆಫಿನಿಶನ್ ವಿಷಯ ಹೇಳಿದೆ, ಬರೆಯಬೇಡ ಎಂದು. ಅದರ ಬದಲು ಎರಡು ಉದಾಹರಣೆ ಬರೆ. ಹೌದು ಎನ್ನುವುದು ಒಂದು, ಅಲ್ಲ ಎನ್ನುವುದು ಒಂದು. ಫಂಕ್ಷನ್ ಎಂದರೇನು ಎಂದು ನಿನಗೆ ಈಗಷ್ಟೇ ಹೇಳಿರುತ್ತಾರೆ. ಉಡುಪಿಯಿಂದ ಹೊರಟ ನಿನ್ನ ಸರ್ವಿಸ್ ಬಸ್ಸನ್ನೇ ನೋಡು. ಪ್ರತಿ ಸ್ಟಾಪಿಗೂ ಒಂದೇ ಒಂದು ಟಿಕೆಟ್ ರೇಟು. ಕಟಪಾಡಿಗೆ ಇಷ್ಟು, ಕಾಪುವಿಗೆ ಇಷ್ಟು. ಒಂದೇ ಸ್ಟೇಜಿನ ಎರಡು ಸ್ಟಾಪಿಗೆ ಒಂದೇ ರೇಟು ಇದ್ದರೆ ತೊಂದರೆ ಇಲ್ಲ. ಒಂದೇ ಸ್ಟಾಪಿಗೆ ಎರಡು ರೇಟು ಹೇಳಿದರೆ ಕಂಡಕ್ಟರ್ ಜೊತೆ ಜಗಳ ಆಗುತ್ತದೆ. (ಸ್ಟೂಡೆಂಟ್ ಪಾಸನ್ನು ಇಲ್ಲಿ ಲೆಕ್ಕಕ್ಕೆ ತರಬೇಡ.) ಸ್ಟಾಪಿನಿಂದ ರೇಟಿಗೆ ಫಂಕ್ಷನ್. ರೇಟು ಹೇಳಿ ಸ್ಟಾಪ್ ಯಾವುದು ಎಂದು ಕೇಳಿದರೆ ಎರಡು ಉತ್ತರ ಬರಬಹುದು, ಆ ಕಡೆಯಿಂದ ಫಂಕ್ಷನ್ ಅಲ್ಲ. ಇನ್ನು ಪುಸ್ತಕದ ಭಾಷೆಯಲ್ಲಿ ಒಂದು: ಎಕ್ಸ್² + ವೈ² = 25. ಎಕ್ಸ್ 3 ಎಂದಿಟ್ಟರೆ ವೈ 4 ಆಗಬಹುದು, −4 ಕೂಡ ಆಗಬಹುದು. ಫಂಕ್ಷನ್ ಅಲ್ಲ. ಇಷ್ಟು ನೋಟ್ಸಿನಲ್ಲಿದ್ದರೆ ಡೆಫಿನಿಶನ್ ಬಾಯಿಪಾಠ ಮಾಡುವ ಕೆಲಸ ಇಲ್ಲ, ನೀನೇ ಹೇಳುತ್ತೀಯ.

ಚಿತ್ರದ ಬಗ್ಗೆ ಒಂದೇ ಮಾತು. ಮುಗಿದ ರಂಗೋಲಿ ನೋಡಿದರೆ ಅದನ್ನು ಹಾಕಲು ಬರುವುದಿಲ್ಲ. ಎಲ್ಲಿಂದ ಶುರು, ಯಾವ ಚುಕ್ಕಿ ಸುತ್ತಿ ಎತ್ತ ಹೋಗಬೇಕು ಗೊತ್ತಿರಬೇಕು. ಬೋರ್ಡಿನ ಚಿತ್ರವೂ ಹಾಗೆ. ಸರ್ ಯಾವ ಗೆರೆ ಮೊದಲು ಎಳೆದರು, ಯಾವುದು ಆಮೇಲೆ ಎಂದು 1, 2, 3 ಹಾಕು. ಚಿತ್ರ ದೊಡ್ಡದಿರಲಿ, ವಕ್ರ ಇದ್ದರೂ ಪರವಾಗಿಲ್ಲ.

‘ದೊಡ್ಡ ದೊಡ್ಡವರೂ ಬರೀ ಉತ್ತರ ಬರೆದಿಟ್ಟಿದ್ದಾರಲ್ಲ ಸರ್’ ಎಂದು ನನ್ನ ಹತ್ತಿರ ಒಬ್ಬ ವಾದ ಮಾಡಿದ್ದ. ಅವನ ತಲೆಯಲ್ಲಿದ್ದದ್ದು ರಾಮಾನುಜನ್. ನಿಜವೇ. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನಲ್ಲಿ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಸಿಕ್ಕಿದ ಉತ್ತರವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು ಅವರು. ಹಾಗೆ ಮೂರು ಸಾವಿರಕ್ಕೂ ಜಾಸ್ತಿ. ದಾರಿ ಬರೆದಿಡದ ಆ ಉತ್ತರಗಳಿಗೆ ಒಂದೊಂದಾಗಿ ಸಾಧನೆ (ಪ್ರೂಫ್) ಕೊಟ್ಟು ಬ್ರೂಸ್ ಬರ್ನ್ಟ್ ಎಂಬ ಅಮೆರಿಕದ ಗಣಿತಜ್ಞರು ಐದು ಸಂಪುಟ ತಂದರು. ಮೊದಲನೆಯದ್ದು 1985ರಲ್ಲಿ ಬಂದರೆ ಕೊನೆಯದ್ದು 1998ರಲ್ಲಿ. ನಾನು ಆ ಹುಡುಗನಿಗೆ ಹೇಳಿದೆ, ನಿನ್ನ ನೋಟ್ಸಿಗೆ ಯಾವ ಬರ್ನ್ಟೂ ಬರುವುದಿಲ್ಲ ಮಾರಾಯ, ಪರೀಕ್ಷೆಯ ಹಿಂದಿನ ದಿನ ನೀನೇ ಓದಬೇಕು ಎಂದು.

ಇನ್ನು ಮನೆಗೆ ಹೋದ ಮೇಲಿನ ಕೆಲಸ. ನೋಟ್ಸ್ ಮುಕ್ಕಾಲು ಪಾಲು ಆಗುವುದು ಇಲ್ಲೇ. 1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಬರೆದಿಟ್ಟರು. ಮರೆವು ನಿಧಾನಕ್ಕೆ ಬರುವುದಲ್ಲ, ಮೊದಲ ಒಂದು ಗಂಟೆಯಲ್ಲೇ ಜಾಸ್ತಿ ಪಾಲು ಹೋಗಿತ್ತು. ಗಣಿತ ಅರ್ಥವಿಲ್ಲದ ಅಕ್ಷರ ಅಲ್ಲ, ಅಷ್ಟು ಬೇಗ ಹೋಗಲಿಕ್ಕಿಲ್ಲ. ಆದರೆ ಬರೆಯದೆ ಬಿಟ್ಟ ಮಾತು ಆದಿತ್ಯವಾರದವರೆಗೆ ನಿನಗಾಗಿ ಕಾಯುವುದೂ ಇಲ್ಲ.

ಹಾಗಾಗಿ ಅದೇ ದಿನ. ಬಸ್ಸಿನಲ್ಲಿ ಶುರು ಮಾಡು. ಸಂಜೆಯ ಬಸ್ಸಿನಲ್ಲಿ ಪುಸ್ತಕ ತೆರೆಯಲು ಎಲ್ಲಿ ಜಾಗ? ಬೇಡ. ಕಂಬಿ ಹಿಡಿದು ನಿಂತುಕೊಂಡೇ ನೆನಪು ಮಾಡು: ಇವತ್ತು ಎಷ್ಟು ಲೆಕ್ಕ ಮಾಡಿದರು, ಮೊದಲನೆಯದ್ದು ಯಾವುದು, ಅದರಲ್ಲಿ ಉಪಾಯ ಏನಿತ್ತು. ಉದ್ಯಾವರ ದಾಟುವುದರೊಳಗೆ ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಗೊತ್ತಾಗುತ್ತದೆ. ಮನೆಗೆ ಹೋಗಿ ಚಾ ಕುಡಿದ ಮೇಲೆ ಕಾಲು ಗಂಟೆ. ಬಿಟ್ಟ ಜಾಗ ತುಂಬಿಸು. ಬಲಗಡೆಯ ಕಾಲಮ್ಮಿನಲ್ಲಿ ಬರೆಯಲು ಆಗದೆ ಉಳಿದ ಕಾರಣಗಳನ್ನು ಬರೆ. ಆಮೇಲೆ ಎಡಗಡೆಯನ್ನು ಒಂದು ಕಾಗದದಿಂದ ಮುಚ್ಚಿ, ಬಲಗಡೆಯ ಮಾತು ಮಾತ್ರ ನೋಡುತ್ತಾ ಒಂದು ಲೆಕ್ಕವನ್ನು ರಫ್ ಹಾಳೆಯಲ್ಲಿ ಬಿಡಿಸು. ಒಂದೇ ಸಾಕು. ಬಿಡಿಸಲು ಬಂದರೆ ನೋಟ್ಸ್ ಸರಿ ಇದೆ. ಬಾರದಿದ್ದರೆ ಬಲಗಡೆ ಏನೋ ಬಾಕಿ ಇದೆ.

ಫೇರ್ ಬುಕ್ಕಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ನೋಡಿ ನೋಡಿ ಕಾಪಿ ಮಾಡುವುದು ಓದಿದ ಹಾಗೆ ಅನ್ನಿಸುತ್ತದೆ, ಕೈ ನೋಯುತ್ತದೆ, ತಲೆ ಮಾತ್ರ ಮಲಗಿರುತ್ತದೆ. ನಮ್ಮ ಹುಡುಗಿಯರ ಎಷ್ಟು ಆದಿತ್ಯವಾರಗಳನ್ನು ಈ ಫೇರ್ ಬುಕ್ ತಿಂದಿದೆಯೋ ದೇವರಿಗೇ ಗೊತ್ತು. ಬಿಡಲು ಆದರೆ ಬಿಡು. ಫೇರ್ ನೋಟ್ಸ್ ನೋಡಿಯೇ ಇಂಟರ್ನಲ್ ಮಾರ್ಕ್ ಕೊಡುವ ಕಾಲೇಜುಗಳೂ ಇವೆ, ನಿನ್ನದೂ ಅಂಥದ್ದಾದರೆ ಬೇರೆ ದಾರಿಯಿಲ್ಲ. ಆಗ ಹೀಗೆ ಮಾಡು: ಕ್ಲಾಸಿನ ಪುಸ್ತಕ ಮುಚ್ಚಿಟ್ಟು, ಲೆಕ್ಕವನ್ನು ಹೊಸದಾಗಿ ಫೇರ್ ಬುಕ್ಕಿನಲ್ಲೇ ಬಿಡಿಸು. ತಡೆದಲ್ಲಿ ಮಾತ್ರ ತೆರೆದು ನೋಡು. ಎರಡು ಕಡೆ ಹೊಡೆದುಹಾಕಿದ್ದು ಕಂಡರೆ ಸರ್ ಏನೂ ಹೇಳಲಿಕ್ಕಿಲ್ಲ.

ಅಕ್ಕನ ಗೈಡ್ ವಿಷಯ. ಗೈಡಿನಲ್ಲಿ ಪದ್ಯ ಚೆನ್ನಾಗಿಯೇ ಇರುತ್ತದೆ. ಉತ್ತರ ತಾಳೆ ನೋಡಲು ಇಟ್ಟುಕೋ. ಬೋರ್ಡಿನ ಫೋಟೊ, ವಾಟ್ಸಾಪ್ ಗ್ರೂಪಿನಲ್ಲಿ ಬರುವ ಪಿಡಿಎಫ್ ಎಲ್ಲ ಅದೇ ಜಾತಿ.

ಮಳೆಗಾಲದಲ್ಲಿ ಡಿಸಿ ರಜೆ ಕೊಟ್ಟ ದಿನ ಹೊಸ ಪಾಠ ಇರುವುದಿಲ್ಲ. ಹಳೆಯ ನೋಟ್ಸಿನ ಬಲಗಡೆ ಖಾಲಿ ಉಳಿದ ಪುಟಗಳನ್ನು ಆ ದಿನ ಹಿಡಿ. ಜ್ವರ ಬಂದು ನೀನೇ ತಪ್ಪಿಸಿಕೊಂಡಿದ್ದರೆ ಗೆಳತಿಯ ಪುಸ್ತಕ ಮಾತ್ರ ಕೇಳಬೇಡ. ಅವಳನ್ನೇ ಹತ್ತು ನಿಮಿಷ ಕೂರಿಸಿಕೊಂಡು ‘ಸರ್ ಇಲ್ಲಿ ಎಂತ ಹೇಳಿದ್ರು?’ ಎಂದು ಕೇಳು. ಅವಳಿಗೂ ನೆನಪಿಲ್ಲದಿದ್ದರೆ ಇಬ್ಬರೂ ಸೇರಿ ಸ್ಟಾಫ್ ರೂಮಿಗೆ ಹೋಗಿ.

ಕೊನೆಗೆ ಪುಸ್ತಕ. ಗೆರೆ ಇಲ್ಲದ 200 ಪುಟದ ಉದ್ದದ ಪುಸ್ತಕ ತೆಗೆದುಕೋ. ಭಿನ್ನರಾಶಿ ಬರೆದರೆ ಎರಡು ಗೆರೆಯ ಮಧ್ಯೆ ಹಿಡಿಯುವುದಿಲ್ಲ, ಘಾತಾಂಕ ಮೇಲಿನ ಸಾಲಿಗೆ ಹತ್ತಿಬಿಡುತ್ತದೆ, ಚಿತ್ರದ ಮೇಲೆಲ್ಲ ಗೆರೆ ಹಾಯುತ್ತದೆ. ಹಾಳೆ ಸ್ವಲ್ಪ ದಪ್ಪ ಇದೆಯಾ ಎಂದು ಅಂಗಡಿಯಲ್ಲೇ ಬೆರಳಲ್ಲಿ ಹಿಡಿದು ನೋಡು. ಮಳೆಗಾಲದ ತೇವಕ್ಕೆ ತೆಳು ಹಾಳೆಯಲ್ಲಿ ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದೆ. ಗೆರೆ ಇರುವ ಪುಸ್ತಕ ಈಗಾಗಲೇ ಡಜನ್ ಲೆಕ್ಕದಲ್ಲಿ ತಂದಾಗಿದ್ದರೆ ಅಪ್ಪನಿಗೆ ಹೇಳಲು ಹೆದರಬೇಡ. ಕನ್ನಡಕ್ಕೂ ಕೆಮಿಸ್ಟ್ರಿಗೂ ಬೇಕಾಗುತ್ತದೆ.